ಮರೆಯದವಳ ಸಾಕ್ಷಿ

1995 ಫೆಬ್ರವರಿ 12, ಭಾನುವಾರ

ಅಮ್ಮ ಇವತ್ತು ಲೋರ್ನಾಳ ಮೇಲೆ ಬಿಸಿ ಸಾರಿನ ಪಾತ್ರೆ ಎಸೆದಳು. ಅದು ಅವಳ ಭುಜಕ್ಕೆ ತಗುಲಿ ಗೋಡೆಗೆ ಬಡಿಯಿತು. ಬಾರ್ಲಿ ಕಾಳುಗಳು ಗೋಡೆಗೆ ಅಂಟಿಕೊಂಡು ಮೆಲ್ಲಗೆ ಕೆಳಗಿಳಿಯುತ್ತಿದ್ದವು. ನಾನು ಅದನ್ನೇ ನೋಡುತ್ತ ಕೂತಿದ್ದೆ.

ಪ್ರಾರ್ಥನೆ ಮುಗಿಸಿ ಎಂದಿನಂತೆ ಅಪ್ಪನ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಅಪ್ಪ, ಅಮ್ಮ, ನಾನು, ನನ್ನ ಮಗಳು ಮೋರ್ವೆನ್. ತಂಗಿ ಲೋರ್ನಾ ಅಬರ್ಡೀನ್ ನಗರದಿಂದ ಹೇಳದೆ ಕೇಳದೆ ಬಂದಳು. ಕೋಟು ಸಹ ಬಿಚ್ಚಲಿಲ್ಲ. ಮೋರ್ವೆನ್‌ಳನ್ನು ಹೊರಗೆ ಕಳಿಸು ಅಂದಳು. ಕಳಿಸಿದೆ. ಆಮೇಲೆ ಜೇಬಿನಿಂದ ಒಂದು ಹಾಳೆ ತೆಗೆದು, ಶಾಲೆಯಲ್ಲಿ ಪಾಠ ಒಪ್ಪಿಸುವ ಮಗುವಿನಂತೆ ಓದತೊಡಗಿದಳು. ಮೂರನೇ ಬಸಿರೂ ಇಳಿದುಹೋದ ಮೇಲೆ ಅವಳಿಗೆ ನಿದ್ದೆಯೇ ಬರುತ್ತಿರಲಿಲ್ಲವಂತೆ. ಮಿಸೆಸ್ ಹಾರ್ಕ್‌ನೆಸ್ ಎಂಬ ಮನೋಚಿಕಿತ್ಸಕಿಯ ಹತ್ತಿರ ನಾಲ್ಕು ತಿಂಗಳಿಂದ ಹೋಗುತ್ತಿದ್ದಾಳಂತೆ. ಕಣ್ಣು ಮುಚ್ಚಿ ಮಲಗಿ, ಮೆಟ್ಟಿಲು ಇಳಿಯುವಂತೆ ಎಣಿಸುತ್ತ ಹೋದರೆ ಮರೆತದ್ದೆಲ್ಲ ಒಂದೊಂದಾಗಿ ಮೇಲೆ ಬರುತ್ತದಂತೆ. ಬಂದದ್ದು ಇದು: ಅವಳು ಐದು ವರ್ಷದವಳಿದ್ದಾಗ ಅಪ್ಪ ಅವಳನ್ನು ತಮ್ಮ ದೋಣಿಗೆ ಕರೆದುಕೊಂಡು ಹೋಗುತ್ತಿದ್ದರು. ಕೆಳಗೆ ಮೀನು ತುಂಬುವ ಕೋಣೆಯಲ್ಲಿ, ಮಂಜುಗಡ್ಡೆಯ ಮೇಲೆ ಮಲಗಿಸುತ್ತಿದ್ದರು. ಚಾಕು ತೋರಿಸುತ್ತಿದ್ದರು. ಮೀನುಗಾರರ ಎಣ್ಣೆಬಟ್ಟೆಯ ಅಂಗಿ ತೊಟ್ಟ ಬೇರೆ ಗಂಡಸರೂ ಇರುತ್ತಿದ್ದರು.

"ನೀವು ನನ್ನ ಹಾಳು ಮಾಡಿದ್ರಿ ಅಪ್ಪ" ಅಂದಳು. ಆಗಲೇ ಪಾತ್ರೆ ಹಾರಿದ್ದು.

ಅಪ್ಪ ತಟ್ಟೆಯಲ್ಲಿದ್ದ ಆಲೂಗಡ್ಡೆ ಮುಗಿಸಿದರು. ಬಾಯಿ ಒರೆಸಿಕೊಂಡರು. "ಈ ಹುಡುಗಿಗೆ ಹುಷಾರಿಲ್ಲ. ಯಾರಾದ್ರೂ ಕಾರಿನ ತನಕ ಬಿಟ್ಟು ಬನ್ನಿ" ಅಂದರು.

ನಾನೇ ಬಿಟ್ಟು ಬಂದೆ. ಅವಳ ಕುತ್ತಿಗೆ ಕೆಂಪಾಗಿ ಬೊಬ್ಬೆ ಎದ್ದಿತ್ತು.

ಫೆಬ್ರವರಿ 16, ಗುರುವಾರ

ಲೋರ್ನಾ ಹೇಳಿದ್ದು ಸುಳ್ಳು. ಹೆಂಗಸರು ಕಾಲಿಟ್ಟರೆ ದೋಣಿಗೆ ಕೇಡು ಎಂದು ನಂಬುವ ಊರು ಇದು. ಮದುವೆಯಾಗಿ ನಲವತ್ತು ವರ್ಷದಲ್ಲಿ ಅಮ್ಮ ಒಂದು ದಿನವೂ ದೋಣಿ ಹತ್ತುವ ಹಲಗೆ ದಾಟಿಲ್ಲ. ಅಂಥದ್ದರಲ್ಲಿ ಅಪ್ಪ ಹೆಣ್ಣುಮಗುವನ್ನು ದೋಣಿ ಹತ್ತಿಸಿದರಂತೆ, ಬಂದರಿನಲ್ಲಿ ಇಪ್ಪತ್ತು ದೋಣಿಯವರ ಕಣ್ಣೆದುರಿಗೆ! ಯಾರಿಗೆ ಹೇಳುತ್ತಾಳೆ?

ಮೀನು ಕಾರ್ಖಾನೆಯಲ್ಲಿ ಇವತ್ತು ಹ್ಯಾಡಕ್ ಮೀನು ರಾಶಿ ಬಿದ್ದಿತ್ತು. ಕೈಗೆ ಚಾಕು ಬಂದರೆ ನನ್ನ ತಲೆ ಸುಮ್ಮನಾಗುತ್ತದೆ. ಕಿವಿರಿನ ಹಿಂದೆ ಇಳಿಸಿ, ಮೂಳೆಗುಂಟ ಎಳೆದು, ತಿರುಗಿಸಿ ಮತ್ತೆ ಎಳೆದರೆ ಮುಗಿಯಿತು. ಪಕ್ಕದ ಮೇಜಿನ ಬೆಲ್ಲಾ ನೋಡಿ ನೋಡಿ, "ಲೇ ಎಲ್ಸ್‌ಪೆತ್, ಅದು ಸತ್ತು ಎರಡು ದಿನ ಆಯ್ತು ಕಣೇ. ಇನ್ನೂ ಯಾಕೆ ಕೊಲ್ತಿದೀಯಾ?" ಅಂದಳು. ನಾನೂ ನಕ್ಕೆ. ನೋಡಿದರೆ ಅರ್ಧ ಮಾಂಸ ಮೂಳೆಯಲ್ಲೇ ಉಳಿಸಿದ್ದೆ.

ಮಾರ್ಚ್ 5, ಭಾನುವಾರ

ಇವತ್ತು ಮೋರ್ವೆನ್‌ಳ ಕೂದಲು ಹಿಡಿದು ಎಳೆದೆ.

ಅಮ್ಮನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಮುಂದಿನ ಕೋಣೆಯಲ್ಲಿ ಸದ್ದಿರಲಿಲ್ಲ. ಹೋಗಿ ನೋಡಿದರೆ ಅವಳು ಅಪ್ಪನ ತೊಡೆಯ ಮೇಲೆ ಕೂತು, ಅವರು ತಂದುಕೊಟ್ಟ ಬಣ್ಣದ ಪೆನ್ಸಿಲ್ಲಿನ ಡಬ್ಬಿ ತೆರೆಯುತ್ತಿದ್ದಳು. ಅಷ್ಟೇ. ಅದಕ್ಕೆ ನಾನು ಅವಳ ಜಡೆಗೆ ಕೈ ಹಾಕಿ ಕೆಳಕ್ಕೆಳೆದು, ಕೆನ್ನೆಗೆ ಎರಡು ಬಿಟ್ಟೆ. ಪೆನ್ಸಿಲ್ಲುಗಳು ನೆಲದ ತುಂಬ ಚೆಲ್ಲಿದವು.

"ಒಂಬತ್ತು ವರ್ಷ ಆಯ್ತು! ಇನ್ನೂ ತೊಡೆ ಬೇಕಾ ನಿನಗೆ?" ಎಂದು ಕಿರುಚಿದೆ.

ಅಮ್ಮ ಓಡಿ ಬಂದಳು. "ಏನೇ ಬಂತು ನಿನಗೆ? ತಾತನ ತೊಡೆ ಮೇಲೆ ಕೂತ್ರೆ ಏನಾಗುತ್ತೆ?" ಅಂದಳು.

ಅಪ್ಪ ಬಗ್ಗಿ ಒಂದೊಂದೇ ಪೆನ್ಸಿಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

ಲೋರ್ನಾಳ ಈ ಗಲಾಟೆಯಿಂದ ನನ್ನ ತಲೆ ಕೆಟ್ಟಿದೆ, ಬೇರೇನಲ್ಲ. ಹಾಗೆ ನೋಡಿದರೆ ಮೋರ್ವೆನ್ ಆ ಮನೆಗೆ ಹೋದಾಗಲೆಲ್ಲ ನಾನೂ ಇರುತ್ತೇನೆ. ಅವಳು ಹುಟ್ಟಿದಾಗಿನಿಂದ ಹಾಗೆಯೇ. ಗಂಡ ಡಂಕನ್ ನಮ್ಮನ್ನು ಬಿಟ್ಟು ಹೋದ ವರ್ಷ ಅಮ್ಮ, "ಮಗೂನ ಶಾಲೆ ಬಿಟ್ಟ ಮೇಲೆ ಇಲ್ಲಿಗೆ ಕಳಿಸು" ಎಂದು ಎಷ್ಟು ಹೇಳಿದರೂ ನಾನು ಪಾಳಿ ಬದಲಾಯಿಸಿಕೊಂಡೆನೇ ಹೊರತು ಕಳಿಸಲಿಲ್ಲ.

ಮಾರ್ಚ್ 21, ಮಂಗಳವಾರ

ಪೊಲೀಸರು ಬಂದಿದ್ದರು. ಒಬ್ಬ ಗಂಡಸು, ಒಬ್ಬಳು ಹೆಂಗಸು. ಲೋರ್ನಾ ದೂರು ಕೊಟ್ಟಿದ್ದಾಳೆ.

"ನೀವಿಬ್ಬರೂ ಒಂದೇ ಕೋಣೆಯಲ್ಲಿ ಮಲಗ್ತಿದ್ರಿ ಅಲ್ವಾ ಮೇಡಮ್?" ಎಂದು ಆ ಹೆಂಗಸು ಕೇಳಿದಳು.

"ಹೌದು. ನಾನು ಅವಳಿಗಿಂತ ಎಂಟು ವರ್ಷ ದೊಡ್ಡೋಳು. ನಾನೇ ಸಾಕಿದ್ದು ಅವಳನ್ನ."

"ನಿಮ್ಮ ತಂದೆ ಅವಳ ಜೊತೆ ಆಗಲಿ, ನಿಮ್ಮ ಜೊತೆ ಆಗಲಿ, ಯಾವತ್ತಾದರೂ..."

"ನಮ್ಮ ಮನೇಲಿ ಅಂಥದ್ದೇನೂ ನಡೆದಿಲ್ಲ. ದೇವರಿಗೆ ಹೆದರಿ ಬದುಕಿದ ಮನೆ ಅದು."

ಬರೆದುಕೊಂಡು ಓದಿ ಹೇಳಿದರು. ರುಜು ಹಾಕಿದೆ.

ಮಾರ್ಚ್ 22

ಕೆಲಸಕ್ಕೆ ಹೋಗಲಿಲ್ಲ. ವಾಂತಿ.

ಏಪ್ರಿಲ್ 9, ಭಾನುವಾರ

ಲೋರ್ನಾಳ ಹಲ್ಲು ಮುರಿದೆ.

ಬಂದರಿನ ಗೋಡೆಯ ಹತ್ತಿರ ಬಾ ಎಂದು ಫೋನು ಮಾಡಿದ್ದಳು. ಹೋದೆ. ಗಾಳಿ ಜೋರಾಗಿತ್ತು, ಅಲೆ ಗೋಡೆ ಹಾರಿ ಬೀಳುತ್ತಿತ್ತು. ಲೋರ್ನಾ ಸೊರಗಿಹೋಗಿದ್ದಾಳೆ. ಕೋಟು ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತಿತ್ತು.

"ಪೊಲೀಸರ ಹತ್ರ ಏನೂ ಆಗಿಲ್ಲ ಅಂದ್ಯಂತೆ" ಅಂದಳು.

"ಆಗಿಲ್ಲ. ಯಾವಳೋ ಒಬ್ಬಳು ಕಣ್ಣು ಮುಚ್ಚಿಸಿ ಕಥೆ ಕಟ್ಟಿಸ್ತಾಳೆ, ನೀನು ಅದನ್ನ ನಿಜ ಅಂತೀಯ. ದೋಣಿಯಂತೆ, ಮಂಜುಗಡ್ಡೆಯಂತೆ!"

"ನಾನು ಕಾಣ್ತಿರೋದು ಸುಳ್ಳಲ್ಲ ಎಲ್ಸಿ. ರಕ್ತದ ವಾಸನೆ ಸಮೇತ ಬರುತ್ತೆ. ಮಿಸೆಸ್ ಹಾರ್ಕ್‌ನೆಸ್ ಹೇಳ್ತಾರೆ, ಅಕ್ಕನಿಗೂ ಆಗಿರಬಹುದು, ಅವಳೂ ಮರೆತಿರಬಹುದು ಅಂತ."

ಆಗ ಹೊಡೆದದ್ದು. ಮುಷ್ಟಿ ಕಟ್ಟಿ, ಗಂಡಸರು ಹೊಡೆಯುವ ಹಾಗೆ. ಅವಳು ಬಿದ್ದಳು. ಬಿದ್ದವಳ ಮೇಲೆ ಕೂತು ಮತ್ತೆ ಹೊಡೆದೆ.

"ನಿನ್ನ ಮುಟ್ಟಿಲ್ಲ ಕಣೇ! ನಿನ್ನ ಮುಟ್ಟೋ ಹಾಗಿರ್ಲಿಲ್ಲ!"

ಅವಳು ಕೈ ಅಡ್ಡ ಇಟ್ಟುಕೊಳ್ಳುವುದನ್ನೂ ಬಿಟ್ಟು ನನ್ನ ಮುಖ ನೋಡಿದಳು. ಬಾಯಿ ತುಂಬ ರಕ್ತ. "ಮುಟ್ಟೋ ಹಾಗಿರ್ಲಿಲ್ಲ ಅಂದ್ರೆ ಏನು?" ಎಂದು ಕೇಳಿದಳು.

ಎದ್ದು ಮನೆಗೆ ಬಂದೆ. ಗೆಣ್ಣು ಊದಿದೆ. ಹೀಗಾದರೆ ನಾಳೆ ಚಾಕು ಹಿಡಿಯುವುದು ಕಷ್ಟ.

ಏಪ್ರಿಲ್ 10

ಹಿಡಿದೆ. ಮೇಸ್ತ್ರಿ ಹಿಂದಿನಿಂದ ಬಂದು, "ಏನಮ್ಮಾ, ಕೈಗೆ ಏನಾಯ್ತು?" ಎಂದು ಹೆಗಲ ಮೇಲೆ ಕೈ ಇಟ್ಟ. ತಿರುಗಿ ಚಾಕು ನೆಟ್ಟೆ. ಅವನ ಇನ್ನೊಂದು ಕೈ ಮೇಜಿನ ಮೇಲಿತ್ತು. ಎರಡು ಬೆರಳಿನ ನಡುವೆ ಹಲಗೆಗೆ ಇಳಿಯಿತು. ಗಾಯ ಆಗಲಿಲ್ಲ. ಒಂದು ವಾರ ಮನೆಯಲ್ಲಿರು ಅಂದಿದ್ದಾನೆ. ಬೆಲ್ಲಾ ಬಾಗಿಲ ತನಕ ಬಂದಳು. ತಮಾಷೆ ಮಾಡಲಿಲ್ಲ.

ಜೂನ್ 2, ಶುಕ್ರವಾರ

ಅಬರ್ಡೀನಿಗೆ ಹೋಗಿದ್ದೆ. ಹಲ್ಲಿನ ಋಣ ತೀರಲಿ ಎಂದು, ಲೋರ್ನಾ ಕರೆದ ಕೂಡಲೇ ಒಪ್ಪಿಕೊಂಡೆ. ಒಂದೇ ಒಂದು ಸಲ ನನ್ನ ಜೊತೆ ಮಿಸೆಸ್ ಹಾರ್ಕ್‌ನೆಸ್ ಹತ್ತಿರ ಬಾ, ಆಮೇಲೆ ನಿನ್ನ ತಂಟೆಗೆ ಬರಲ್ಲ ಅಂದಿದ್ದಳು.

ಕೆಟ್ಟವಳಲ್ಲ ಆ ಹೆಂಗಸು. ಐವತ್ತೈದು ದಾಟಿರಬಹುದು. ಚಹಾ ಮಾಡಿ ಕೊಟ್ಟಳು. ಮೆತ್ತನೆ ದನಿ. ಆ ದನಿಯೇ ನನಗೆ ಆಗಲಿಲ್ಲ.

"ಎಲ್ಸ್‌ಪೆತ್, ಮನಸ್ಸು ತನಗೆ ತಡೆಯಲಾಗದ್ದನ್ನ ಒಳಗೆ ಹಾಕಿ ಬೀಗ ಹಾಕಿಬಿಡುತ್ತೆ. ನಿಮ್ಮ ಸಿಟ್ಟು ನೋಡಿದರೆ, ನಿಮ್ಮೊಳಗೂ ಅಂಥ ಒಂದು ಬಾಗಿಲಿದೆ ಅನ್ನಿಸುತ್ತೆ. ನಿಧಾನವಾಗಿ ಕಣ್ಣು ಮುಚ್ಚಿ. ನೆನಪಿಸಿಕೊಳ್ಳಲು ಪ್ರಯತ್ನಿಸೋಣ."

ನನಗೆ ನಗು ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. "ಅಮ್ಮಾ ತಾಯಿ, ಮರೆತಿದ್ರೆ ತಾನೆ ನೆನಪಿಸಿಕೊಳ್ಳೋಕೆ?" ಎಂಬ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಲೋರ್ನಾ ಒಂದು ನೋಟುಪುಸ್ತಕ ತೆಗೆದಳು. ಇಲ್ಲಿ ಕಂಡದ್ದೆಲ್ಲ ಅದರಲ್ಲಿದೆ. ದೋಣಿ, ಚಾಕು, ಎಣ್ಣೆಬಟ್ಟೆಯವರು, ನೀರಿಗೆ ಎಸೆದ ಕೂಸು. ಒಂದಕ್ಕಿಂತ ಒಂದು ಘೋರ. ಓದುತ್ತ ಓದುತ್ತ ಅವಳ ಮೈಯೆಲ್ಲ ಬೆವೆತಿತು. ನಾನು ಕಿಟಕಿ ನೋಡುತ್ತ ಕೂತಿದ್ದೆ. ಇದರಲ್ಲಿ ಒಂದೂ ನಮ್ಮ ಮನೆಯದಲ್ಲ ಎಂದು ಒಳಗೊಳಗೇ ಹಗುರವಾಗುತ್ತಿತ್ತು.

"ಮೊದಲ ಪುಟ ಬಿಟ್ಟೆ, ಅದರಲ್ಲಿ ಏನೂ ಇಲ್ಲ" ಅಂದಳು. "ಇಲ್ಲಿಗೆ ಬರೋಕೆ ಮುಂಚೆ ಮನೆಯಲ್ಲಿ ಬರೆದದ್ದು. ಯಾಕೋ ಒಂದು ಕರವಸ್ತ್ರ ಯಾವಾಗಲೂ ಕಣ್ಣ ಮುಂದೆ ಬರುತ್ತೆ. ನಾಲ್ಕು ಮಡಿಕೆ ಮಾಡಿದ್ದು. ಇದನ್ನ ಗಟ್ಟಿಯಾಗಿ ಹಿಡ್ಕೋ, ನಾನು ಹೇಳೋ ತನಕ ಬಿಡಬೇಡ, ಅಂತ ಯಾರೋ ಹೇಳ್ತಾರೆ. ಅಷ್ಟೇ."

ಕೈಯಲ್ಲಿದ್ದ ಕಪ್ಪು ಬಿತ್ತು. ಬಿತ್ತೋ ನಾನೇ ಎಸೆದೆನೋ ತಿಳಿಯದು. ಹೊರಗೆ ಬಂದು ಬೀದಿ ದೀಪದ ಕಂಬಕ್ಕೆ ಹಣೆ ಚಚ್ಚಿಕೊಂಡೆ. ಒಬ್ಬ ಮುದುಕ ಬಂದು ಹಿಡಿದುಕೊಳ್ಳುವ ತನಕ ಚಚ್ಚಿಕೊಳ್ಳುತ್ತಲೇ ಇದ್ದೆನಂತೆ.

ಜೂನ್ 3, ಶನಿವಾರ

ಹಣೆಗೆ ಐದು ಹೊಲಿಗೆ. ಮೋರ್ವೆನ್‌ಗೆ ಬಾಗಿಲು ಬಡಿಯಿತು ಎಂದಿದ್ದೇನೆ.

ಇದನ್ನು ಒಮ್ಮೆ ಬರೆದುಬಿಡುತ್ತೇನೆ.

ನನಗೆ ಹತ್ತು ವರ್ಷ ಆದಾಗಿನಿಂದ ಹದಿನಾಲ್ಕು ತುಂಬುವ ತನಕ. ಅಪ್ಪ ಸಮುದ್ರದಿಂದ ಬಂದ ವಾರಗಳಲ್ಲಿ, ಶನಿವಾರ ಮಧ್ಯಾಹ್ನ, ಅಮ್ಮ ಪ್ರಾರ್ಥನಾಮಂದಿರ ಗುಡಿಸಿ ಒರೆಸಲು ಹೋದಾಗ. ನಮ್ಮ ಕೋಣೆಯಲ್ಲಿ ಎರಡು ಹಾಸಿಗೆ. ಆಚೆಯದರಲ್ಲಿ ಲೋರ್ನಾ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದಳು. ಅವನು ಬಾಗಿಲು ಮುಚ್ಚುತ್ತಿದ್ದ. ಕರವಸ್ತ್ರ ತೆಗೆದು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಡುತ್ತಿದ್ದ. ಇದನ್ನ ಗಟ್ಟಿಯಾಗಿ ಹಿಡ್ಕೋ, ನಾನು ಹೇಳೋ ತನಕ ಬಿಡಬೇಡ. ಮುಗಿದ ಮೇಲೆ ವಾಪಸು ಇಸಿದುಕೊಂಡು ಜೇಬಿಗೆ ಹಾಕುತ್ತಿದ್ದ. ನಾನು ಇದನ್ನು ಯಾರಿಗೂ ಹೇಳಿಲ್ಲ. ಡಂಕನ್‌ಗೂ ಹೇಳಿಲ್ಲ. ಒಂದು ದಿನವೂ ಮರೆತಿಲ್ಲ.

ಹದಿಮೂರಾಗಿದ್ದಾಗ ಒಂದು ಕೇಳಿದೆ. ನಾನು ಯಾರಿಗೂ ಹೇಳಲ್ಲ, ನೀವು ಚಿಕ್ಕವಳನ್ನ ಮುಟ್ಟಬಾರದು. ಅವನು ಬೈಬಲ್ ತಂದು ಅದರ ಮೇಲೆ ಕೈ ಇಟ್ಟು, ಆಯಿತು ಅಂದ. ಮುಂದಿನ ವರ್ಷ ನನ್ನನ್ನು ಅಜ್ಜಿಯ ಮನೆಗೆ ಕಳಿಸಿದರು. ಲೋರ್ನಾ ಆ ಕೋಣೆಯಲ್ಲಿ ಒಬ್ಬಳೇ ಉಳಿದಳು, ಆರು ವರ್ಷದವಳು. ನಾನು ಹೆದರಲಿಲ್ಲ. ಅವನು ಮಾತು ಕೊಟ್ಟಿದ್ದ.

ಇಷ್ಟು ವರ್ಷ ನಾನು ತಲೆ ಎತ್ತಿ ನಡೆದದ್ದು ಆ ಒಂದು ಮಾತಿನ ಮೇಲೆ. ನನಗಾದದ್ದು ಆಯಿತು, ಅವಳನ್ನು ಉಳಿಸಿದೆ ಎಂಬ ಒಂದು ಮಾತಿನ ಮೇಲೆ.

ಈಗ ಕರವಸ್ತ್ರ ಅವಳಿಗೆ ಹೇಗೆ ಗೊತ್ತು?

ಜೂನ್ 19, ಸೋಮವಾರ

ಸರ್ಕಾರಿ ವಕೀಲೆ ಮಿಸ್ ಕಿನೇರ್ಡ್‌ಳ ಕಚೇರಿಗೆ ಹೋಗಿ ಎಲ್ಲ ಹೇಳಿದೆ. ಮೂರು ತಾಸು. ನನಗಿಂತ ಚಿಕ್ಕವಳು, ಚುರುಕು.

"ನಿಮ್ಮ ತಂಗಿಯ ಕೇಸು ಕೈಬಿಡೋದರಲ್ಲಿದ್ವಿ" ಅಂದಳು. "ಈ ದೇಶದ ಕಾನೂನಿಗೆ ಒಂದು ಬಾಯಿ ಸಾಲದು. ಇನ್ನೊಂದು ಬೇಕು. ಒಬ್ಬನೇ ಮನುಷ್ಯ, ಒಂದೇ ರೀತಿ, ಇಬ್ಬರು ಮಕ್ಕಳಿಗೆ ಮಾಡಿದ ಅಂತಾದರೆ ಒಬ್ಬಳ ಮಾತಿಗೆ ಇನ್ನೊಬ್ಬಳ ಮಾತು ಆಸರೆ ಆಗುತ್ತೆ. ಆದರೆ ಒಬ್ಬಳದು ಬಿತ್ತು ಅಂದರೆ ಇನ್ನೊಬ್ಬಳದೂ ಬೀಳುತ್ತೆ. ತಿಳೀತಾ?"

"ತಿಳೀತು."

"ಮಾರ್ಚ್‌ನಲ್ಲಿ ಏನೂ ನಡೆದಿಲ್ಲ ಅಂತ ಬರೆದುಕೊಟ್ಟಿದ್ದೀರಿ. ಆಮೇಲೆ ಅದೇ ಚಿಕಿತ್ಸಕಿ ಹತ್ತಿರ ಹೋಗಿದ್ದೀರಿ. ಅಲ್ಲಿಗೆ ಹೋದ ಮೇಲೇ ನಿಮಗೂ ನೆನಪು ಬಂತು ಅಂತಾರೆ ಅವರ ವಕೀಲರು. ನಿಮ್ಮನ್ನ ಸಿಗಿದು ಹಾಕ್ತಾರೆ."

"ಸಿಗಿಯೋದು ನನಗೂ ಬರುತ್ತೆ" ಅಂದೆ. ಅವಳು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

ಜುಲೈ 8, ಶನಿವಾರ

ಮೋರ್ವೆನ್ ಬೆಲ್ಲಾಳ ಮೊಮ್ಮಗಳ ಜೊತೆ ಈಜಲು ಹೋಗಿದ್ದಳು. ಹನ್ನೊಂದು ಗಂಟೆ ಇರಬಹುದು, ಅವನು ಬಂದ. ನನ್ನ ಹತ್ತಿರ ಸುಳಿಯಬಾರದು ಎಂದು ಪೊಲೀಸರು ಹೇಳಿದ್ದರೂ ಬಂದ. ಕದ ತಟ್ಟಲಿಲ್ಲ. ಅರವತ್ತೇಳು ವರ್ಷ, ಆದರೆ ಇಡೀ ಜೀವನ ಬಲೆ ಎಳೆದ ಕೈ.

"ವಕೀಲಳ ಹತ್ರ ಹೋಗಿದ್ಯಂತೆ."

"ಹೋಗಿದ್ದೆ."

"ಬೈಬಲ್ ಮುಟ್ಟಿ ಮಾತು ಕೊಟ್ಟಿದ್ದೆ ನಿನಗೆ. ಅವಳನ್ನ ಮುಟ್ಟಿಲ್ಲ. ನಾನು ಮಾತು ಉಳಿಸಿಕೊಂಡೆ. ನೀನು?"

"ಅಂದ್ರೆ ನನ್ನ ಮುಟ್ಟಿದ್ದು ನಿಜ ತಾನೆ?"

"ನೀನು ಒಪ್ಪಿದ್ದೆ" ಅಂದ. ಬೇಸರವಾದವನಂತೆ, ಬಹಳ ಸಾವಧಾನವಾಗಿ.

"ಹತ್ತು ವರ್ಷ ಕಣೋ ನನಗೆ!"

ಅಷ್ಟು ಹೇಳಿದ್ದೇ ನೆನಪು. ಅವನ ಕೈ ನನ್ನ ಕುತ್ತಿಗೆಯಲ್ಲಿತ್ತು. ಗೋಡೆಗೆ ಒತ್ತಿದ. ಕಾಲು ನೆಲ ಬಿಟ್ಟಿತು. ಅವನ ಮುಖ ಅಷ್ಟು ಹತ್ತಿರ ಬಂದದ್ದು ಇಪ್ಪತ್ತಮೂರು ವರ್ಷದ ಮೇಲೆ. ಕಣ್ಣಿಗೆ ಕತ್ತಲೆ ಬರುತ್ತಿರುವಾಗ ನನ್ನ ಕೈ ತಾನಾಗಿ ಪಾತ್ರೆ ತೊಳೆಯುವ ಕಡೆ ಹೋಯಿತು. ಚಾಕು ಸಿಕ್ಕಿತು. ಅವನ ಮೊಣಕೈಯಿಂದ ಮಣಿಕಟ್ಟಿನ ತನಕ ಎಳೆದೆ, ಮೀನಿಗೆ ಎಳೆಯುವ ಹಾಗೆ. ಅಭ್ಯಾಸದ ಕೈ, ಮೂಳೆ ತಾಕುವ ತನಕ ಹೋಯಿತು.

ಅವನು ಕಿರುಚಲಿಲ್ಲ. ಕೈ ಬಿಟ್ಟು, ರಕ್ತ ಸುರಿಯುತ್ತಿದ್ದ ತೋಳನ್ನು ಎದೆಗೊತ್ತಿಕೊಂಡು ಕುರ್ಚಿಯ ಮೇಲೆ ಕೂತ. ನಾನು ಚಾಕು ಹಿಡಿದು ಎದುರಿಗೇ ನಿಂತಿದ್ದೆ. ಇನ್ನೊಂದು ಸಲ ಇಳಿಸಬಹುದಿತ್ತು. ಜಾಗವೂ ಗೊತ್ತಿತ್ತು. ಮೋರ್ವೆನ್ ಒಂದು ಗಂಟೆಗೆ ಬರುತ್ತಾಳೆ, ಅಷ್ಟರೊಳಗೆ ನೆಲ ಒರೆಸಬೇಕು ಎಂದಷ್ಟೇ ತಲೆಗೆ ಬಂತು. ಪೊಲೀಸಿಗೆ ಫೋನು ಮಾಡಿದೆ.

ನೆಲ ಒರೆಸಲು ಬಿಡಲಿಲ್ಲ ಪೊಲೀಸರು.

ಆಗಸ್ಟ್ 27

ಬಾಗಿಲ ಮುಂದೆ ಮೀನಿನ ಕರುಳು ಸುರಿದಿದ್ದಾರೆ. ಇದು ಮೂರನೇ ಸಲ. ಪೊಲೀಸರು ಆತ್ಮರಕ್ಷಣೆ ಎಂದು ಬಿಟ್ಟರೂ ಊರಿನ ಪಾಲಿಗೆ ಅಪ್ಪನನ್ನು ಇರಿದವಳು ನಾನು. ಪ್ರಾರ್ಥನಾಮಂದಿರದ ಹಿರಿಯರು ಸದಸ್ಯರ ಪಟ್ಟಿಯಿಂದ ನನ್ನ ಹೆಸರು ತೆಗೆದುಹಾಕಿದ್ದಾರೆ. ಅವನ ಹೆಸರು ಇದೆ. ಜಾಮೀನಿನ ಮೇಲೆ ಹೊರಗಿದ್ದು, ಮುಂದಿನ ಸಾಲಿನಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕೂರುತ್ತಾನಂತೆ.

ಬೆಲ್ಲಾ ಬಂದು ಜೊತೆಗೆ ಕರುಳು ಬಾಚಿದಳು. "ಹುಡುಗಾಟಕ್ಕೆ ಇಷ್ಟು ಒಳ್ಳೇ ಕರುಳು ಹಾಳು ಮಾಡ್ತಾರಲ್ಲ, ಬೆಕ್ಕಿಗಾದ್ರೂ ಹಾಕಬಾರದಾ" ಅಂದಳು. ಆಮೇಲೆ ಬಕೆಟ್ಟು ಕೆಳಗಿಟ್ಟು, "ನಮ್ಮ ಚಿಕ್ಕಪ್ಪ ಒಬ್ಬ ಇದ್ದ" ಅಂದಳು. ಇಬ್ಬರೂ ಮೆಟ್ಟಿಲು ತೊಳೆದೆವು.

ಲೋರ್ನಾ ವಾರಕ್ಕೊಮ್ಮೆ ಬರುತ್ತಾಳೆ. ಕೇಸಿನ ಬಗ್ಗೆ ಇಬ್ಬರೂ ಮಾತಾಡಬಾರದೆಂದು ಕಟ್ಟಪ್ಪಣೆ. ಹಾಗಾಗಿ ಹವಾಮಾನದ ಮಾತಾಡುತ್ತೇವೆ. ಅವಳ ಹೊಸ ಹಲ್ಲು ಉಳಿದವಕ್ಕಿಂತ ಬೆಳ್ಳಗಿದೆ.

1996 ಫೆಬ್ರವರಿ 14, ಬುಧವಾರ

ಅಬರ್ಡೀನ್. ನಿನ್ನೆ ಲೋರ್ನಾ ಸಾಕ್ಷಿ ಹೇಳಿದಳು. ನನ್ನ ಸರದಿ ಬರುವ ತನಕ ನಾನು ಒಳಗೆ ಹೋಗುವಂತಿರಲಿಲ್ಲ. ಸಂಜೆ ಅವಳು ಹೊರಗೆ ಬಂದಾಗ ಇಬ್ಬರು ಪೊಲೀಸರು ತೋಳು ಹಿಡಿದು ನಡೆಸುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ಇವತ್ತು ನಾನು. ಹದಿನೈದು ಜನ ಜ್ಯೂರಿಯವರು ಎರಡು ಸಾಲಿನಲ್ಲಿ ಕೂತಿದ್ದರು. ಅವನು ಆರೋಪಿಯ ಜಾಗದಲ್ಲಿ, ಪ್ರಾರ್ಥನೆಗೆ ಹೋಗುವ ಕಪ್ಪು ಕೋಟಿನಲ್ಲಿ. ಮೇಲಿನ ಪ್ರೇಕ್ಷಕರ ಸಾಲಿನಲ್ಲಿ ಅಮ್ಮ.

ಮಿಸ್ ಕಿನೇರ್ಡ್‌ಳಿಗೆ ಎಲ್ಲ ಹೇಳಿದೆ. ಆಮೇಲೆ ಅವನ ವಕೀಲ ಎದ್ದ. ಎತ್ತರದ ಮನುಷ್ಯ, ತುಂಬ ಮರ್ಯಾದೆಯ ಮಾತು.

"ಕಳೆದ ಮಾರ್ಚ್‌ನಲ್ಲಿ ಏನೂ ನಡೆದಿಲ್ಲ ಎಂದು ರುಜು ಹಾಕಿದ್ದೀರಿ. ಜೂನಿನಲ್ಲಿ ಎಲ್ಲ ನಡೆದಿತ್ತು. ನಡುವೆ ಮಿಸೆಸ್ ಹಾರ್ಕ್‌ನೆಸ್. ಆಕೆ ಕಣ್ಣು ಮುಚ್ಚಿಸಿದ ಮೇಲೆ ನಿಮಗೆ ನೆನಪು ಬಂತು, ಅಲ್ಲವೇ?"

"ಇಲ್ಲ. ನೆನಪು ಬರೋಕೆ ಅದು ಹೋಗಿರಲೇ ಇಲ್ಲ. ಮಾರ್ಚ್‌ನಲ್ಲಿ ಸುಳ್ಳು ಹೇಳಿದೆ."

"ಈಗ ಹೇಳುತ್ತಿರುವುದು ಸುಳ್ಳಲ್ಲ ಎಂದು ನಾವು ಹೇಗೆ ನಂಬುವುದು? ತಂಗಿಯ ಹಲ್ಲು ಮುರಿದಿದ್ದೀರಿ. ಮೇಸ್ತ್ರಿಯ ಮೇಲೆ ಚಾಕು ಎತ್ತಿದ್ದೀರಿ. ಹೆತ್ತ ತಂದೆಯ ಕೈ ಮೂಳೆ ಕಾಣುವಂತೆ ಸೀಳಿದ್ದೀರಿ. ಮಗಳಿಗೂ ಹೊಡೆದಿದ್ದೀರಿ. ನೀವು ಹಿಂಸೆಯ ಮನುಷ್ಯರಲ್ಲವೇ?"

ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಎಲ್ಲ ಒಟ್ಟಿಗೆ ಕೇಳಿದಾಗ ಅದು ಬೇರೆ ಯಾರೋ ಎನ್ನಿಸಿತು. "ಹೌದು" ಅಂದೆ. "ಆಗಿದ್ದೀನಿ."

ಅವನು ಕಾಗದ ತಿರುವಿದ. "ನಿನ್ನೆ ಇದೇ ಜಾಗದಲ್ಲಿ ನಿಂತು ನಿಮ್ಮ ತಂಗಿ ತಮ್ಮ ಕಥೆಯನ್ನೇ ಬದಲಿಸಿದರು. ದೋಣಿ ನಿಜವೋ ಅಲ್ಲವೋ ತಮಗೆ ಖಾತ್ರಿ ಇಲ್ಲ ಎಂದರು. ಚಾಕು, ಬೇರೆ ಗಂಡಸರು, ಯಾವುದರ ಖಾತ್ರಿಯೂ ಇಲ್ಲ. ಖಾತ್ರಿ ಇರುವುದು ಒಂದೇ ಎಂದರು. ಒಂದು ಕರವಸ್ತ್ರ. ಅದೂ ತಮ್ಮ ಕೈಯಲ್ಲಿ ಇರಲಿಲ್ಲವಂತೆ. ಆಚೆ ಹಾಸಿಗೆಯಲ್ಲಿದ್ದ ಅಕ್ಕನ ಕೈಯಲ್ಲಿತ್ತಂತೆ. ಅಂದರೆ ತಮಗೇ ಆಯಿತು ಎಂದು ಒಂದು ವರ್ಷ ಹೇಳಿದವರು, ಈಗ ನಿಮಗಾದದ್ದನ್ನು ಕಂಡವರಾದರು. ಇದನ್ನು ಇಬ್ಬರೂ ಕೂತು ಯಾವಾಗ ಮಾತಾಡಿಕೊಂಡಿರಿ?"

ನಾನು ಕಟಕಟೆಯ ಕಂಬಿ ಹಿಡಿದುಕೊಂಡೆ. ಲೋರ್ನಾ ಜನರ ನಡುವೆ ಕೂತಿದ್ದಳು. ಅವಳ ಸಾಕ್ಷಿ ಮುಗಿದಿತ್ತಲ್ಲ, ಕೂರಬಹುದಿತ್ತು. ಕೈ ಬಾಯಿಗೆ ಅಡ್ಡ ಇಟ್ಟುಕೊಂಡಿದ್ದಳು.

"ಮಾತಾಡಿಲ್ಲ" ಅಂದೆ. "ಅವಳು ನೋಡಿದ್ಲು ಅಂತ ನನಗೆ ಇವತ್ತೇ, ಈಗ ನಿಮ್ಮ ಬಾಯಿಂದಲೇ ಗೊತ್ತಾಗಿದ್ದು."

ಜ್ಯೂರಿಯ ಹಿಂದಿನ ಸಾಲಿನಲ್ಲಿದ್ದ ದಪ್ಪನೆಯ ಗಂಡಸು ತಲೆ ತಗ್ಗಿಸಿದ. ವಕೀಲ ಇನ್ನೂ ಏನೋ ಕೇಳಿದ. ನಾನು ಉತ್ತರ ಹೇಳಿರಬೇಕು.

ಮಿಸ್ ಕಿನೇರ್ಡ್ ಮತ್ತೆ ಎದ್ದು ಲೋರ್ನಾಳ ನೋಟುಪುಸ್ತಕದಲ್ಲಿ ಕರವಸ್ತ್ರದ ಮಾತಿದ್ದ ಮೊದಲ ಪುಟದ ತಾರೀಖನ್ನು ಮಾತ್ರ ಗಟ್ಟಿಯಾಗಿ ಓದಿದಳು. 1994 ಅಕ್ಟೋಬರ್ 2. ಲೋರ್ನಾ ಮಿಸೆಸ್ ಹಾರ್ಕ್‌ನೆಸ್‌ಳ ಮುಖ ನೋಡುವುದಕ್ಕೆ ಹದಿನೈದು ದಿನ ಮುಂಚೆ. ನಾನು ಅಲ್ಲಿಗೆ ಹೋಗುವುದಕ್ಕೆ ಎಂಟು ತಿಂಗಳು ಮುಂಚೆ.

ಫೆಬ್ರವರಿ 16, ಶುಕ್ರವಾರ

ಲೋರ್ನಾಳ ಆರೋಪ: ಸಾಬೀತಾಗಿಲ್ಲ.

ನನ್ನದು: ಅವನು ತಪ್ಪಿತಸ್ಥ. ಲೋರ್ನಾ ಕಣ್ಣಾರೆ ಕಂಡದ್ದೇ ಕಾನೂನು ಕೇಳಿದ ಇನ್ನೊಂದು ಬಾಯಿ ಆಯಿತು.

ಏಳು ವರ್ಷ ಜೈಲು. ಅವನು ಹಿಂದಕ್ಕೆ ತಿರುಗಿ ಅಮ್ಮನಿಗೆ, "ಒಲೆ ಆರಿಸಿದೀಯಾ?" ಎಂದು ಕೇಳಿದ. ಕೆಳಗೆ ಕರೆದುಕೊಂಡು ಹೋದರು.

ಹೊರಗೆ ಅಮ್ಮ ಲೋರ್ನಾಳ ಕಡೆ ಕೊಡೆ ಎತ್ತಿಕೊಂಡು ನುಗ್ಗಿದಳು. "ನಿನಗೇನೂ ಆಗಿಲ್ಲ ಅಂತ ನೀನೇ ಒಪ್ಕೊಂಡ್ಯಲ್ಲೇ! ಮತ್ತೆ ಯಾಕೆ ಮನೆ ಹಾಳು ಮಾಡಿದೆ?" ಕೊಡೆ ಬೀಳುವ ಮೊದಲು ನಾನು ಹಿಡಿದೆ. ಕಿತ್ತುಕೊಂಡೆ. ಅದನ್ನು ಎತ್ತುವುದಕ್ಕೆ ನನ್ನ ಕೈಯೂ ಸೆಟೆಯಿತು. ಎಪ್ಪತ್ತರ ಹತ್ತಿರದ ಮುದುಕಿ, ಟೋಪಿ ಓರೆಯಾಗಿತ್ತು.

"ಶನಿವಾರ ಮಂದಿರದಿಂದ ಬರುವಾಗ ನೀನು ಯಾವಾಗಲೂ ಹಿತ್ತಲ ಗೇಟಲ್ಲಿ ನಿಂತು ಕೆಮ್ಮುತ್ತಿದ್ದೆ ಅಮ್ಮ" ಅಂದೆ. "ಒಂದು ನಿಮಿಷ ಕೆಮ್ಮಿ ಆಮೇಲೆ ಒಳಗೆ ಬರ್ತಿದ್ದೆ. ಯಾಕೆ?"

ಅಮ್ಮ ಕೈ ಚಾಚಿದಳು. ಕೊಡೆ ಕೊಟ್ಟೆ. ಅದನ್ನೂರಿಕೊಂಡು ಬಸ್ಸಿನ ಕಡೆ ನಡೆದಳು.

ಫೆಬ್ರವರಿ 18, ಭಾನುವಾರ

ಮೊನ್ನೆ ದಾರಿಯಲ್ಲಿ ಆದದ್ದು ಬರೆಯಲು ಇವತ್ತು ಕೂತೆ.

ಲೋರ್ನಾ ನನ್ನನ್ನು ಊರಿಗೆ ಬಿಡಲು ಬಂದಳು. ಅರ್ಧ ದಾರಿಯಲ್ಲಿ, ಟರ್ನಿಪ್ ಹೊಲದ ಪಕ್ಕ, ಕಾರು ನಿಲ್ಲಿಸಿದಳು. ಸ್ಟಿಯರಿಂಗ್ ಮೇಲೆ ಎರಡೂ ಕೈಯಿಂದ ಗುದ್ದತೊಡಗಿದಳು. ಹಾರ್ನು ಮತ್ತೆ ಮತ್ತೆ ಕೂಗಿತು. ಹೊಲದಲ್ಲಿದ್ದ ಕುರಿಗಳು ಓಡಿದವು. ಸಾಕಾಗುವ ತನಕ ಗುದ್ದಿಕೊಳ್ಳಲಿ ಎಂದು ನಾನು ಸುಮ್ಮನಿದ್ದೆ.

"ನಿನ್ನ ಮಾತು ಹದಿನೈದು ಜನಕ್ಕೆ ಸಾಕಾಯ್ತು ಎಲ್ಸಿ" ಅಂದಳು. "ನನ್ನ ಮಾತು ನನಗೇ ಸಾಲ್ತಿಲ್ಲ. ನನಗೂ ಆಗಿತ್ತಾ? ನೀನು ಹೋದ ಮೇಲೆ? ಅಥವಾ ನೋಡಿದ್ದು ಅಷ್ಟೇನಾ?"

ಹತ್ತು ತಿಂಗಳ ಹಿಂದೆ ಬಂದರಿನಲ್ಲಿ ಇದೇ ಪ್ರಶ್ನೆಗೆ ನಾನು ಮುಷ್ಟಿಯಲ್ಲಿ ಉತ್ತರ ಹೇಳಿದ್ದೆ. ಈಗ, "ಗೊತ್ತಿಲ್ಲ" ಅಂದೆ.

"ಆಗಿಲ್ಲ ಅಂತ ಸುಮ್ಮನೆ ಹೇಳಬಾರದಾ?"

"ಹೇಳಬಹುದು. ಆದ್ರೆ ಗೊತ್ತಿಲ್ಲ."

ಅವಳು ಅತ್ತಳು. ನನಗೆ ಅಳು ಬರಲಿಲ್ಲ. ಬಂದದ್ದು ಬೇರೊಂದು. ಅದನ್ನು ನಾನು ಯಾವತ್ತೂ ಮರೆತಿರಲಿಲ್ಲ, ಆದರೆ ಅದಕ್ಕೆ ಏನರ್ಥ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಪೊಲೀಸರಿಗೆ ಹೇಳಿಲ್ಲ, ಕೋರ್ಟಿನಲ್ಲಿ ಹೇಳಿಲ್ಲ, ಇಲ್ಲಿಯೂ ಬರೆದಿಲ್ಲ.

"ಲೋರ್ನಾ, ನಿದ್ದೆ ಮಾಡ್ತಿದೀಯ ಅಂತ ನಾನು ಅಂದುಕೊಂಡಿದ್ದೆ" ಅಂದೆ. "ಆದ್ರೆ ಅವನು ಹೊರಗೆ ಹೋಗಿ ಬಾಗಿಲು ಮುಚ್ಚಿದ ಕೂಡಲೇ ನೀನು ನಿನ್ನ ಹಾಸಿಗೆಯಿಂದ ಇಳಿದು ಬರ್ತಿದ್ದೆ. ಪ್ರತಿ ಸಲ. ನಾಲ್ಕೈದು ವರ್ಷ ನಿನಗೆ. ನನ್ನ ಹೊದಿಕೆಯೊಳಗೆ ನುಗ್ಗಿ, ತಣ್ಣಗಿದ್ದ ಕಾಲು ನನ್ನ ಹೊಟ್ಟೆಗೆ ಒತ್ತಿ, ನನ್ನ ಬೆನ್ನು ತಟ್ಟುತ್ತಿದ್ದೆ. ನಾನು ನಿನಗೆ ತಟ್ಟಿ ಮಲಗಿಸ್ತಿದ್ನಲ್ಲ, ಹಾಗೆ. ಅಮ್ಮ ಬರೋ ತನಕ ತಟ್ಟುತ್ತಿದ್ದೆ."

ಅವಳು ಹೊಲದ ಕಡೆ ನೋಡಿದಳು. ಕಣ್ಣು ಮುಚ್ಚಿದಳು, ತೆರೆದಳು. ಒಳಗೆಲ್ಲ ಹುಡುಕುತ್ತಿದ್ದಳೆಂದು ಕಾಣುತ್ತದೆ.

"ಅದು ನನಗೆ ನೆನಪಿಲ್ಲ" ಅಂದಳು.

"ನನಗಿದೆ" ಅಂದೆ.